ಹಡಗಿನ ಅಡುಗೆಯವನು ಬದುಕಿದನೇ?

ಅಚ್ಚಾಪೀಸಿನಲ್ಲಿ ಅವಳನ್ನು ಎಲ್ಲರೂ ಕೊಂಬಕ್ಕ ಅಂತಲೇ ಕರೆಯುತ್ತಿದ್ದರು. ತಲೆಯ ಮೇಲೆ ಕೊಂಬು ಇತ್ತೆಂದಲ್ಲ. ಇಪ್ಪತ್ತೆಂಟು ವರ್ಷ ಕರಡು ತಿದ್ದುತ್ತ ಕೂತವಳ ಕಣ್ಣಿಗೆ ಬಿಟ್ಟುಹೋದ ಕೊಂಬು ಒಂದೂ ತಪ್ಪಿಸಿಕೊಳ್ಳುತ್ತಿರಲಿಲ್ಲ, ಅದಕ್ಕೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೆಮ್ಮಿನ ಔಷಧದ ಚೀಟಿ ಅಚ್ಚಿಗೆ ಹೋಗುವುದರಲ್ಲಿತ್ತು. 'ದಿನಕ್ಕೆ ಮೂರು ಸಲ ಕುಡಿಯಿರಿ' ಅನ್ನುವಲ್ಲಿ ಕೊಂಬು ಉದುರಿಹೋಗಿ 'ದಿನಕ್ಕೆ ಮೂರು ಸಲ ಕಡಿಯಿರಿ' ಎಂದಾಗಿತ್ತು. ಇವಳು ಓಡಿಹೋಗಿ ಯಂತ್ರ ನಿಲ್ಲಿಸಿದಳು.

"ಯಾರನ್ನ ಕಡೀಬೇಕಂತೆ?" ಎಂದು ಯಂತ್ರದವನು ಕೇಳಿದ.

"ಮೊದಲು ಅಕ್ಷರ ಜೋಡಿಸಿದವನನ್ನ" ಅಂದಳು. ಅವತ್ತಿನಿಂದ ಅವಳು ಕೊಂಬಕ್ಕ.

ಅವಳಿಗೆ ಒಂದೇ ನೇಮ: ಬರೆದವರು ಬರೆದದ್ದು ಬರೆದ ಹಾಗೆ ಇರಬೇಕು. ತಪ್ಪಿದ್ದರೆ ತಿದ್ದಬೇಕು, ತನ್ನದೊಂದು ಮಾತು ಸೇರಿಸಬಾರದು. ಅದು ಬಿಟ್ಟರೆ ಮಿಕ್ಕ ಎಲ್ಲದರಲ್ಲೂ ಅವಳಿಗೆ ಕುತೂಹಲ. ಕಡಲೆಕಾಯಿ ಕಟ್ಟಿ ಕೊಟ್ಟ ಕಾಗದವನ್ನೂ ಬಿಚ್ಚಿ ಓದುವವಳು. ಅರ್ಧ ಹರಿದ ಸುದ್ದಿ ಸಿಕ್ಕಿದರೆ ಮುಗಿಯಿತು, ಆ ಕಳ್ಳ ಕೊನೆಗೆ ಸಿಕ್ಕಿಬಿದ್ದನೋ ಇಲ್ಲವೋ ಎಂದು ಎರಡು ದಿನ ಗಂಡನ ತಲೆ ತಿನ್ನುತ್ತಿದ್ದಳು. ಗಂಡ ಬಸ್ ಡಿಪೋದಲ್ಲಿ ಟೈರು ವಿಭಾಗದವನು, ಮಾತು ಕಡಿಮೆ. "ಸಿಕ್ಕಿಬಿದ್ದ ಅಂತಿಟ್ಕೋ" ಎಂದು ಹೇಳಿ ಮಗ್ಗುಲು ಬದಲಿಸುತ್ತಿದ್ದ.

ಇಂಥವಳು ಮಕ್ಕಳಿಗೆ ಕಥೆ ಹೇಳಲು ಹೊರದೇಶಕ್ಕೆ ಹೋದದ್ದು ಹೇಗೆಂದರೆ, ಇನ್ನೊಬ್ಬರ ಕಾಲು ಮುರಿದದ್ದರಿಂದ.

ಅವರ ಚರ್ಚಿನಿಂದ ಆರು ಜನರ ತಂಡವೊಂದು ಹತ್ತು ದಿನದ ಸೇವಾಯಾತ್ರೆಗೆ ಹೊರಟಿತ್ತು. ಅಲ್ಲೊಂದು ಪುಟ್ಟ ಚರ್ಚು. ಶಾಲೆಗಳಿಗೆ ರಜೆ ಇರುವಾಗ ಸುತ್ತಲಿನ ಬೀದಿಗಳ ಮಕ್ಕಳನ್ನು ಕೂಡಿಸಿ ಐದು ದಿನ ಹಾಡು, ಆಟ, ಕಥೆ ನಡೆಸುವುದು ಅವರ ರೂಢಿ. ಅವರಲ್ಲಿ ಕೈಗಳು ಸಾಲದೆ ಇವರನ್ನು ಕರೆದಿದ್ದರು. ಕಥೆ ಹೇಳಬೇಕಾಗಿದ್ದ ಟೀಚರಮ್ಮ ಎರಡು ತಿಂಗಳಿಗೆ ಮುಂಚೆ ಮೆಟ್ಟಿಲು ಜಾರಿ ಬಿದ್ದು ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದರು. ಅಯ್ಯನವರು, ಅಂದರೆ ಚರ್ಚಿನ ಪಾದ್ರಿಗಳು, ನೇರ ಅಚ್ಚಾಪೀಸಿಗೆ ಬಂದರು.

"ಪಾಠದ ಪುಸ್ತಕದ ಕರಡು ತಿದ್ದಿದ್ದು ನೀವೇ ಅಲ್ವಾ? ಮೂರು ಸಲ ಓದಿದೀರಿ. ಕಥೆ ನಿಮಗೆ ಬಾಯಿಪಾಠ."

"ಓದೋದು ಬೇರೆ, ಹೇಳೋದು ಬೇರೆ ಅಯ್ಯನವರೇ. ನಾನು ಮಕ್ಕಳ ಮುಂದೆ ನಿಂತವಳೇ ಅಲ್ಲ."

"ಮಗಳಿಗೆ ಕಥೆ ಹೇಳಿ ಬೆಳೆಸಲಿಲ್ವಾ?"

"ಹೇಳ್ತಿದ್ದಿದ್ದು ಅವರಪ್ಪ. ನಾನು ಪಕ್ಕದಲ್ಲಿ ಕೂತು ತಪ್ಪು ತಿದ್ದುತಾ ಇದ್ದೆ."

ಅಯ್ಯನವರು ನಕ್ಕರು, ಆದರೆ ಏಳಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು ಕೈಯ ಮಸಿ ತೊಳೆಯುತ್ತ, "ಹೋಗಿ ಬಾ. ಇಲ್ಲಾಂದ್ರೆ ಆ ದೇಶ ಹೇಗಿದೆ ಅಂತ ನೀನು ಜೀವನಪೂರ್ತಿ ನನ್ನನ್ನೇ ಕೇಳ್ತೀಯ" ಅಂದ. ಅವನ ಲೆಕ್ಕದಲ್ಲಿ ಅದು ದೊಡ್ಡ ಭಾಷಣ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಅವಳಿಗೆ ಎರಡು ತಪ್ಪು ಸಿಕ್ಕವು. ಗುಮಾಸ್ತನಿಗೆ ತೋರಿಸಿದಳು. ಅವನು, "ಅಮ್ಮಾ, ಅದು ನೀವು ತುಂಬೋ ಜಾಗ ಅಲ್ಲ, ನಾವು ಅಚ್ಚು ಹಾಕಿಸಿದ್ದು" ಅಂದ. "ಅದಕ್ಕೇ ಹೇಳಿದ್ದು" ಅಂದಳು.

* * *

ಆ ದೇಶದಲ್ಲಿ ಇಳಿದ ಗಳಿಗೆಯಲ್ಲೇ ಕೊಂಬಕ್ಕನಿಗೆ ಗೊತ್ತಾದದ್ದು, ತಾನಿಲ್ಲಿ ನಿರಕ್ಷರಕುಕ್ಷಿ ಎಂದು.

ಐವತ್ತೆರಡು ವರ್ಷದಲ್ಲಿ ಇಂಥದ್ದೊಂದು ಅವಳಿಗೆ ಆಗಿರಲಿಲ್ಲ. ಅಂಗಡಿಯ ಫಲಕ, ಬಸ್ಸಿನ ಹಣೆ, ಗೋಡೆಯ ಚೀಟಿ, ಒಂದರ ತಲೆಬುಡವೂ ತಿಳಿಯದು. ಕೊಕ್ಕೆಗಳು, ಕೋಲುಗಳು, ಮೇಲೆ ಚುಕ್ಕೆಗಳು. ಬೇರೆಯವರಾಗಿದ್ದರೆ ಹೆದರುತ್ತಿದ್ದರೇನೋ. ಇವಳಿಗೆ ಹಬ್ಬದೂಟ ಮುಂದಿಟ್ಟ ಹಾಗಾಯಿತು. ಪುಟ್ಟ ಪುಸ್ತಕ ತೆಗೆದು ಕಂಡ ಕಂಡ ಅಕ್ಷರ ಬರೆದುಕೊಳ್ಳತೊಡಗಿದಳು. ಬ್ರೆಡ್ಡಿನಂಗಡಿಯ ಬಾಗಿಲನ್ನು ಎಳೆಯುವಲ್ಲಿ ತಳ್ಳಿ ಹಣೆಗೆ ಪೆಟ್ಟು ಮಾಡಿಕೊಂಡದ್ದರಿಂದ 'ಎಳೆಯಿರಿ' ಅನ್ನುವ ಪದ ಮೊದಲು ತಿಳಿಯಿತು. ಅದರಲ್ಲಿ ಬಂದ ಒಂದು ಅಕ್ಷರ ಔಷಧದಂಗಡಿಯ ಫಲಕದಲ್ಲೂ ಕಂಡಾಗ ಹಳೆಯ ಗುರುತಿನವರು ಸಿಕ್ಕಷ್ಟು ಸಂತೋಷ.

"ಅಕ್ಕಾ, ಬೇಗ ಬನ್ನಿ" ಎಂದು ತಂಡದ ಮುಖಂಡ ಹಿಂದಿರುಗಿ ಕರೆದ. ಬ್ಯಾಂಕಿನಲ್ಲಿ ಕೆಲಸ ಮಾಡುವ ಮೂವತ್ತೈದರ ಹುಡುಗ. ಎಲ್ಲಕ್ಕೂ ಪಟ್ಟಿ, ಎಲ್ಲಕ್ಕೂ ಗಂಟೆ.

ಮಕ್ಕಳ ಕೂಟ ನಡೆಯುತ್ತಿದ್ದದ್ದು ಚರ್ಚಿನ ಪಕ್ಕದ ಉದ್ದನೆಯ ಕೋಣೆಯಲ್ಲಿ. ನೆಲಕ್ಕೆ ಹಸಿರು ಚಾಪೆ. ಗೋಡೆಯುದ್ದಕ್ಕೂ ಮಕ್ಕಳ ಎತ್ತರಕ್ಕೆ ಹೊಡೆದ ಮರದ ಗೂಟಗಳು, ಒಂದೊಂದಕ್ಕೆ ಒಂದೊಂದು ಚೀಲ. ಮೂಲೆಯಲ್ಲಿ ಒಂದು ಕಾಲು ಗಿಡ್ಡವಾದ ಪಿಯಾನೊ, ಅದರಡಿಗೆ ಮಡಿಚಿಟ್ಟ ರಟ್ಟು. ಹಿಂದೆ ಅಡುಗೆಮನೆ. ಮೊದಲ ದಿನ ಮೂವತ್ತೊಂದು ಮಕ್ಕಳು ಬಂದವು. ತಂಡದ ಹಾಡಿನ ಹುಡುಗಿಯರಿಬ್ಬರು ಗಿಟಾರ್ ಹಿಡಿದು ನಿಂತ ಕೂಡಲೇ ಅವುಗಳ ಸ್ನೇಹವಾಯಿತು. ಕೊಂಬಕ್ಕ ಮಾತ್ರ ಕಾಗದ ಹಿಡಿದು ಗೋಡೆಗೆ ಅಂಟಿ ನಿಂತಿದ್ದಳು.

ಆಗ ಬಂದ ದುಭಾಷಿ. ಎಪ್ಪತ್ತು ದಾಟಿದ ಮುದುಕ, ಕುಳ್ಳು, ಅಗಲ ಎದೆ, ಕಪ್ಪು ಟೋಪಿ. ಬಂದವನೇ ಅವಳನ್ನು ಮೇಲಿಂದ ಕೆಳಗೆ ನೋಡಿ, ಅಚ್ಚ ಅವಳ ಭಾಷೆಯಲ್ಲಿ ಗದರಿದ:

"ಬಂದ್ಯೇನೋ ಅಕ್ಕ? ಕೂತ್ಕೊಳ್ಳೋ! ಸಮುದ್ರ ಹೇಗಿತ್ತೋ?"

ಅಕ್ಕನನ್ನು ಯಾರಾದರೂ 'ಬಂದ್ಯೇನೋ' ಎಂದು ಕೇಳುವುದುಂಟೇ? ಕೊಂಬಕ್ಕನ ಬೆರಳು ಕೆಂಪು ಪೆನ್ನಿಗೆ ತಡಕಾಡಿತು. ಮುಖಂಡ ಕೆಂಪಗಾದ. ಆಮೇಲೆ ವಿಷಯ ತಿಳಿಯಿತು. ಮುದುಕ ಇಪ್ಪತ್ತು ವರ್ಷ ಸರಕು ಹಡಗಿನ ಅಡುಗೆಮನೆಯಲ್ಲಿ ದುಡಿದವನು. ಅದರಲ್ಲಿ ಹತ್ತೊಂಬತ್ತು ವರ್ಷ ಅವನ ಮೇಲಿದ್ದ ದೊಡ್ಡ ಅಡುಗೆಯವರು ಇವಳ ನಾಡಿನವರು. ಭಾಷೆ ಕಲಿತದ್ದು ಅವರ ಬಾಯಿಂದ, ಬರೀ ಗಂಡಸರ ನಡುವೆ, ಒಲೆಯ ಮುಂದೆ. ಅವನ ಪಾಲಿಗೆ ಜಗತ್ತಿನಲ್ಲಿರುವವರೆಲ್ಲ 'ಬಾರೋ, ಹೋಗೋ' ಜಾತಿಯವರೇ.

"ನಾನು ವಿಮಾನದಲ್ಲಿ ಬಂದೆ" ಅಂದಳು ಕೊಂಬಕ್ಕ.

"ಅಯ್ಯೋ ಪಾಪ" ಅಂದ ಹಡಗಿನಜ್ಜ, ನಿಜವಾಗಿಯೂ ಮರುಗಿ.

ಹೇಳಬೇಕಾಗಿದ್ದ ಕಥೆ ಒಂದೇ, ಐದು ದಿನಕ್ಕೆ ಐದು ತುಂಡು. ದೇವರ ಮಾತು ಕೇಳದೆ ಓಡಿಹೋದ ಪ್ರವಾದಿಯ ಕಥೆ. ಒಂದು ಪಟ್ಟಣಕ್ಕೆ ಹೋಗಿ ಬುದ್ಧಿ ಹೇಳು ಅಂದರೆ ಅವನು ತದ್ವಿರುದ್ಧ ದಿಕ್ಕಿಗೆ ಹಡಗು ಹತ್ತುತ್ತಾನೆ, ಬಿರುಗಾಳಿ ಏಳುತ್ತದೆ, ಅವನನ್ನು ಸಮುದ್ರಕ್ಕೆ ಹಾಕುತ್ತಾರೆ, ದೊಡ್ಡ ಮೀನು ನುಂಗುತ್ತದೆ. ಕೊಂಬಕ್ಕ ಒಂದೊಂದು ವಾಕ್ಯವನ್ನೂ ಅಳೆದು ಬರೆದುಕೊಂಡಿದ್ದಳು.

"ದೇವರು ಪ್ರವಾದಿಗೆ, ಎದ್ದು ಆ ಪಟ್ಟಣಕ್ಕೆ ಹೋಗು ಎಂದರು. ಅವನಿಗೆ ಇಷ್ಟವಿರಲಿಲ್ಲ. ಅವನು ಬಂದರಿಗೆ ಹೋಗಿ ಬೇರೆ ಹಡಗು ಹತ್ತಿದನು."

ಓದಿ ನಿಲ್ಲಿಸಿದಳು. ಹಡಗಿನಜ್ಜ ಟೋಪಿ ಹಿಂದಕ್ಕೆ ತಳ್ಳಿ ಶುರು ಮಾಡಿದ. ಮಾಡಿದ, ಮಾಡಿದ, ಮಾಡುತ್ತಲೇ ಇದ್ದ. ಎರಡು ಕೈಯಿಂದ ಏನನ್ನೋ ಹೊತ್ತ, ಏಣಿ ಹತ್ತಿದ, ಮೂಗು ಮುಚ್ಚಿಕೊಂಡ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಕೊಂಬಕ್ಕ ಕಾಗದ ನೋಡಿದಳು. ಇದರಲ್ಲಿ ನಗುವುದಕ್ಕೆ ಏನಿದೆ? ಅದೇ, ಅವಳು ಕಷ್ಟಪಟ್ಟು ಬರೆದಿದ್ದ 'ಅವಿಧೇಯತೆಯ ಫಲ'ದ ಬಗೆಗಿನ ನಾಲ್ಕು ಸಾಲಿಗೆ ಅವನು ಒಂದೇ ಒಂದು ಪದ ಉದುರಿಸಿ ಸುಮ್ಮನಾದ. ಮಕ್ಕಳು ಗಂಭೀರವಾಗಿ ತಲೆಯಾಡಿಸಿದವು.

ಮುಗಿದ ಮೇಲೆ ಕೇಳಿದಳು: "ಅಜ್ಜಾ, ಏನು ಹೇಳಿದಿರಿ?"

"ನೀನು ಹೇಳಿದ್ದೇ ಕಣೋ."

"ಮತ್ತೆ ಅಷ್ಟು ಉದ್ದ?"

"ನಮ್ಮ ಭಾಷೆ ಉದ್ದ."

"ಕೊನೆಯಲ್ಲಿ ಒಂದೇ ಪದ ಅಂದ್ರಿ?"

"ಕೆಲವು ಸಲ ಗಿಡ್ಡ" ಅಂದು ಅಜ್ಜ ಬಿರಬಿರನೆ ಅಡುಗೆಮನೆಗೆ ನಡೆದ.

* * *

ಎರಡನೆಯ ದಿನ ಅವಳು ತಯಾರಾಗಿ ಬಂದಳು. ಮಾತಿನ ಅರ್ಥ ಗೊತ್ತಾಗದಿದ್ದರೇನು, ಲೆಕ್ಕ ಇಡಬಹುದಲ್ಲ? ಕಾಗದದ ಅಂಚಿನಲ್ಲಿ ತನ್ನ ಪ್ರತಿ ವಾಕ್ಯದ ಎದುರಿಗೆ ಅಜ್ಜ ತೆಗೆದುಕೊಂಡ ಹೊತ್ತು, ಮಕ್ಕಳು ನಕ್ಕ ಜಾಗಕ್ಕೆ ಒಂದು ಚುಕ್ಕೆ, ಹೆದರಿದ ಜಾಗಕ್ಕೆ ಗೀಟು. "ದೊಡ್ಡ ಬಿರುಗಾಳಿ ಎದ್ದಿತು. ನಾವಿಕರು ಹಡಗಿನ ಸಾಮಾನುಗಳನ್ನು ಸಮುದ್ರಕ್ಕೆ ಎಸೆದರು. ಪ್ರವಾದಿ ಒಳಗೆ ಮಲಗಿ ನಿದ್ದೆ ಮಾಡುತ್ತಿದ್ದನು." ಇಷ್ಟೇ ಅವಳು ಹೇಳಿದ್ದು. ಅಜ್ಜ ಏಳು ನಿಮಿಷ ತೆಗೆದುಕೊಂಡ. ಕಾಲು ಅಗಲಿಸಿ ನಿಂತು ಕೋಣೆಯನ್ನೇ ತೂಗಿಸಿಬಿಟ್ಟ. ಪುಟ್ಟ ಮಕ್ಕಳು ಒಬ್ಬರನ್ನೊಬ್ಬರು ಹಿಡಿದುಕೊಂಡವು. ಪಿಯಾನೊದ ಪಕ್ಕದ ಹುಡುಗ ನಿಜವಾಗಿಯೂ ವಾಲಿಬಿದ್ದ. ಅಂಚಿನ ತುಂಬ ಚುಕ್ಕೆ, ಗೀಟು. ಇಂಥ ಕರಡನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಆಮೇಲೆ ಮಕ್ಕಳಿಗೆ ಕಥೆಯ ಚಿತ್ರ ಬರೆಯಲು ಹೇಳಿದರು. ಕೊಂಬಕ್ಕ ಒಂದೊಂದೇ ಹಾಳೆ ಎತ್ತಿಕೊಂಡು ನೋಡಿದಳು. ಹಡಗು ಇತ್ತು, ಅಲೆ ಇತ್ತು, ಒಳಗೆ ಮಲಗಿದ ಪ್ರವಾದಿಯೂ ಇದ್ದ. ಅವನ ಪಕ್ಕದಲ್ಲಿ, ಅವನಿಗಿಂತ ಎರಡು ಪಟ್ಟು ದೊಡ್ಡವನಾಗಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕೈಯಲ್ಲಿ ಸೌಟು ಹಿಡಿದ ಒಬ್ಬ ದಪ್ಪ ಮನುಷ್ಯ. ಎಣಿಸಿದಳು. ಮೂವತ್ತೊಂದರಲ್ಲಿ ಇಪ್ಪತ್ತಾರು ಚಿತ್ರದಲ್ಲಿ ಸೌಟಿನವನಿದ್ದ.

"ಯಾರಿದು?" ಎಂದು ಬೆರಳಿಟ್ಟು ಕೇಳಿದಳು. ಮಕ್ಕಳು ಒಕ್ಕೊರಲಿನಿಂದ ಏನೋ ಅಂದವು. ತಿಳಿದರೆ ತಾನೇ?

ಆದರೆ ಅದಲ್ಲ ಅವಳನ್ನು ನಿಲ್ಲಿಸಿದ್ದು. ಮಕ್ಕಳು ಅಂಗಳಕ್ಕೆ ಹೋದಾಗ ಒಬ್ಬ ಹುಡುಗ ಕಣ್ಣು ಮುಚ್ಚಿ ಬೆಂಚಿನ ಮೇಲೆ ಒರಗಿದ. ಹಲ್ಲು ಬಿದ್ದ ಪುಟ್ಟ ಹುಡುಗಿಯೊಬ್ಬಳು ಅವನ ಭುಜ ಹಿಡಿದು ಅಲ್ಲಾಡಿಸುತ್ತ ಕಿರುಚಿದಳು:

"ಏಳೋ ಮಹಾರಾಯ!"

ಕೊಂಬಕ್ಕನ ಮೈ ಜುಮ್ಮೆಂದಿತು. ತಿರುಗಿ ನೋಡಿದಳು. ಆ ಕಡೆಯ ಹುಡುಗರೂ ಅದನ್ನೇ ಕೂಗುತ್ತಿದ್ದರು. ಏಳೋ ಮಹಾರಾಯ, ಏಳೋ ಮಹಾರಾಯ. ಊರಿನಿಂದ ಸಾವಿರಾರು ಮೈಲಿ ಆಚೆ, ಒಂದು ಅಕ್ಷರ ಓದಲು ಬಾರದ ದೇಶದಲ್ಲಿ, ಮೂವತ್ತೊಂದು ಮಕ್ಕಳ ಬಾಯಲ್ಲಿ ಅವಳ ಅಡುಗೆಮನೆಯ ಮಾತು. ಅವಳೇ ದಿನಾ ಬೆಳಿಗ್ಗೆ ಗಂಡನಿಗೆ ಅನ್ನುತ್ತಿದ್ದ ಮಾತು!

ಮುಖಂಡನೂ ಚಿತ್ರಗಳನ್ನು ನೋಡಿದ್ದ. ಅವನಿಗೆ ಜುಮ್ಮೆನ್ನಲಿಲ್ಲ, ಗಾಬರಿಯಾಯಿತು. "ಅಕ್ಕಾ, ಆ ಅಜ್ಜ ಕಥೆ ಕೆಡಿಸ್ತಾ ಇದಾರೆ. ಇಲ್ಲದ ಮನುಷ್ಯನ್ನ ಒಳಗೆ ಹಾಕಿದಾರೆ. ನಾಳೆ ಫೋನಿನಲ್ಲೇ ಭಾಷಾಂತರ ಮಾಡ್ಸೋಣ. ಅದು ಸೇರಿಸೋದೂ ಇಲ್ಲ, ಬಿಡೋದೂ ಇಲ್ಲ."

ಮಾತು ಸರಿಯಾಗಿಯೇ ಇತ್ತು. ಅವಳ ನೇಮವೂ ಅದೇ ತಾನೇ? ಕೊಂಬಕ್ಕ ಹೂಂ ಅಂದಳು. ಅಂದದ್ದೇನೋ ಹೌದು, ಸೌಟಿನವನು ಯಾರು ಎಂಬ ಹುಳ ತಲೆಯಲ್ಲಿ ಕೊರೆಯುತ್ತಲೇ ಇತ್ತು.

* * *

ಮೂರನೆಯ ದಿನ ಅಜ್ಜನಿಗೆ ವಿಶ್ರಾಂತಿ ತಗೊಳ್ಳಿ ಎಂದು ಮರ್ಯಾದೆಯಿಂದ ಹೇಳಿದರು. ಅಜ್ಜ ಹಿಂದಿನ ಅಡುಗೆಮನೆಗೆ ಹೋಗಿ ಮಕ್ಕಳ ಮಧ್ಯಾಹ್ನದ ಸೂಪಿಗೆ ಈರುಳ್ಳಿ ಸುಲಿಯುತ್ತ ಕೂತ. ಮುಖಂಡ ಫೋನಿಗೆ ದೊಡ್ಡ ಸ್ಪೀಕರ್ ಸಿಕ್ಕಿಸಿ ಮುಂದಿಟ್ಟ. ಕೊಂಬಕ್ಕ ಒಂದು ವಾಕ್ಯ ಹೇಳುವುದು, ಫೋನಿನೊಳಗಿನ ಹೆಂಗಸು ಒಂದು ವಾಕ್ಯ ಹೇಳುವುದು. ಅಳತೆ ಕರಾರುವಾಕ್ಕು. ಮಕ್ಕಳು ಆಸ್ಪತ್ರೆಯ ಬೆಂಚಿನಲ್ಲಿ ಸರದಿ ಕಾಯುವವರ ಹಾಗೆ ಕೂತಿದ್ದವು. ಪ್ರವಾದಿಯನ್ನು ಮೀನು ನುಂಗಿದರೂ ಒಬ್ಬರೂ ಬಾಯಿ ತೆರೆಯಲಿಲ್ಲ. ಕೊಂಬಕ್ಕನ ಕಾಗದದ ಅಂಚು ಖಾಲಿ.

ಕೊನೆಯಲ್ಲಿ ಹಲ್ಲು ಬಿದ್ದ ಹುಡುಗಿ ಕೈಯೆತ್ತಿದಳು. ಏನೋ ಕೇಳಿದಳು. ಮುಖಂಡ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದ. ಫೋನು ಒಂದು ಕ್ಷಣ ಯೋಚಿಸಿ ಹೇಳಿತು: "ಅಡುಗೆಯವನು ಬದುಕಿದನೇ?"

"ಯಾವ ಅಡುಗೆಯವನು?" ಅಂದ ಮುಖಂಡ.

ಇನ್ನೊಬ್ಬ ಹುಡುಗ ಎದ್ದು ನಿಂತು ಜೋರಾಗಿ ಕೇಳಿದ. ಫೋನು ಹೇಳಿತು: "ಅಡುಗೆ ಪಾತ್ರೆ ಜೀವಂತವಾಗಿದೆಯೇ?"

ಮೂವತ್ತೊಂದು ಜೊತೆ ಕಣ್ಣುಗಳು ಕೊಂಬಕ್ಕನ ಮೇಲೆ. ಅಡುಗೆಯವನಿಲ್ಲ ಅಂದರೆ ಎರಡು ದಿನದಿಂದ ಅವನನ್ನು ಕಣ್ಣಾರೆ ಕಂಡ ಮಕ್ಕಳಿಗೆ ಏನನ್ನಿಸುತ್ತದೆ? ಬದುಕಿದ ಅಂದರೆ, ಇಲ್ಲದವನು ಬದುಕುವುದು ಹೇಗೆ? "ನಾಳೆ ಹೇಳ್ತೀನಿ" ಅಂದಳು. ಅದೊಂದನ್ನು ಮಾತ್ರ ಫೋನು ಸರಿಯಾಗಿ ಹೇಳಿತೆಂದು ಕಾಣುತ್ತದೆ, ಮಕ್ಕಳು ಒಪ್ಪಿಕೊಂಡು ಎದ್ದವು.

ಊಟದ ನಂತರ ಅವಳು ಅಡುಗೆಮನೆಗೆ ಹೋದಳು. ಅಜ್ಜ ತಲೆಯೆತ್ತಲಿಲ್ಲ. ಮರುದಿನದ ಆಲೂಗಡ್ಡೆ ಬುಟ್ಟಿ ಮುಂದಿತ್ತು. ಅವಳೂ ಒಂದು ಚಾಕು ತಗೊಂಡು ಎದುರಿನ ಮುಕ್ಕಾಲಿಯ ಮೇಲೆ ಕೂತಳು. ನಾಲ್ಕು ಆಲೂಗಡ್ಡೆ ಸುಲಿದದ್ದಾಯಿತು.

"ಸಿಪ್ಪೆ ದಪ್ಪ ತೆಗೀತೀಯಲ್ಲೋ" ಅಂದ ಅಜ್ಜ.

"ಅಜ್ಜಾ, ಆ ಸೌಟಿನವನು ಯಾರು?"

ಅಜ್ಜ ಚಾಕು ಕೆಳಗಿಟ್ಟ. "ನೀನು ಬಿರುಗಾಳಿ ಎದ್ದಿತು ಅಂದೆ. ಸಾಮಾನು ಎಸೆದರು ಅಂದೆ. ಅಷ್ಟೇ ಅಂದೆ. ಬಿರುಗಾಳಿ ನೋಡಿದೀಯೇನೋ ನೀನು?"

"ಇಲ್ಲ."

"ನಾನು ನೋಡಿದೀನಿ. ಎರಡು ಹಗಲು, ಎರಡು ರಾತ್ರಿ. ಪಾತ್ರೆಗಳೆಲ್ಲ ಹಾರ್ತಾ ಇದ್ವು, ಹಕ್ಕಿ ಹಾಗೆ. ದೊಡ್ಡಣ್ಣ…" ದೊಡ್ಡ ಅಡುಗೆಯವರನ್ನು ಅವನು ಹಾಗೆ ಕರೆಯುತ್ತಿದ್ದ. "ದೊಡ್ಡಣ್ಣ ಸೊಂಟಕ್ಕೆ ಹಗ್ಗ ಹಾಕಿ ಒಲೆ ಕಂಬಿಗೆ ಕಟ್ಕೊಂಡ. ಕೈ ಸುಡ್ತಾ ಇತ್ತು, ಬಿಡ್ಲಿಲ್ಲ. ಎಲ್ರಿಗೂ ಚಹಾ ಕೊಟ್ಟ. ಮೇಲಿನಿಂದ ಬಂದವ್ರಿಗೆ, ಕೆಳಗಿನಿಂದ ಬಂದವ್ರಿಗೆ, ಸಾಯ್ತೀನಿ ಅಂತ ಅಳೋವ್ರಿಗೆ. ಚಹಾ ಕುಡಿದವನು ಸಾಯಲ್ಲ ಕಣೋ ಅಂತಿದ್ದ. ಹಡಗಿನ ಕಥೆ ಹೇಳ್ತೀರಿ, ಅಡುಗೆಯವನನ್ನ ಬಿಡ್ತೀರಿ. ಅದು ಹೇಗೋ?"

ಕೊಂಬಕ್ಕ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು. "ಈಗ ಎಲ್ಲಿದಾರೆ ಅವರು?"

"ಹಡಗು ಮಾರಿದ್ರು. ಅವನು ಊರಿಗೆ ಹೋದ. ಆಮೇಲೆ ಗೊತ್ತಿಲ್ಲ." ಅಜ್ಜ ಅವಳ ಕಡೆ ಬಾಗಿ ದನಿ ತಗ್ಗಿಸಿದ. "ಒಂದು ಕೇಳ್ಲಾ? ಬೈಗುಳ. ನಿಮ್ಮ ಆ ಪಟ್ಟಿ ಹುಡುಗನ ಮುಂದೆ ಕೇಳಕ್ಕೆ ಆಗಲ್ಲ."

"ಕೇಳಿ."

"ಮಹಾರಾಯ ಅಂದ್ರೆ ಏನೋ? ಸೋಮಾರಿ ಅಂತಾನಾ, ನಿದ್ದೆಬುರುಕ ಅಂತಾನಾ? ದಿನಾ ಬೆಳಿಗ್ಗೆ ನನ್ನ ಅದರಿಂದಲೇ ಎಬ್ಬಿಸ್ತಿದ್ದ. ಉಪ್ಪು ಜಾಸ್ತಿ ಆದ್ರೂ ಅದೇ, ತಟ್ಟೆ ಒಡೆದ್ರೂ ಅದೇ. ನಿಮ್ಮ ಪ್ರವಾದಿ ಹಡಗಲ್ಲಿ ಮಲಗಿದ್ದ ಅಂದ್ಯಲ್ಲ, ಅದಕ್ಕೇ ಹಾಕಿದೆ."

ಕೊಂಬಕ್ಕನಿಗೆ ನಗು ಬಂತು, ತಡೆದುಕೊಂಡಳು. "ಅದು ಬೈಗುಳ ಅಲ್ಲ ಅಜ್ಜಾ. ಮಹಾರಾಯ ಅಂದ್ರೆ ದೊಡ್ಡ ರಾಜ."

ಅಜ್ಜ ಟೋಪಿ ತೆಗೆದ. "ಹತ್ತೊಂಬತ್ತು ವರ್ಷ ನನ್ನನ್ನ ರಾಜ ಅಂದ್ನಾ?"

"ಅಂದ್ರು. ಆದ್ರೆ ಸಿಟ್ಟಲ್ಲಿ."

"ಸಿಟ್ಟು ಬಂದ್ರೆ ನಿಮ್ಮೋರು ರಾಜ ಅಂತಾರಾ?"

ಕೊಂಬಕ್ಕ ಯೋಚಿಸಬೇಕಾಯಿತು. ಲಕ್ಷಾಂತರ ಪದ ತಿದ್ದಿದವಳು ಈ ಒಂದನ್ನು ಯಾವತ್ತೂ ತಿರುಗಿಸಿ ನೋಡಿರಲಿಲ್ಲ. "ಎಲ್ಲರಿಗೂ ಅನ್ನಲ್ಲ" ಅಂದಳು ಕೊನೆಗೆ. "ಸಾಕಾಗಿಹೋಗಿದೆ, ಆದ್ರೂ ಕೈಬಿಡೋದಕ್ಕೆ ಮನಸ್ಸಿಲ್ಲ, ಅಂಥವರಿಗೆ ಅಂತೀವಿ. ನಾನು ನಮ್ಮೆಜಮಾನರಿಗೆ ಅಂತೀನಿ."

ಅಜ್ಜ ಮತ್ತೆ ಬುಟ್ಟಿಗೆ ಕೈ ಹಾಕಿದ. ಸುಲಿಯುತ್ತ ಸುಲಿಯುತ್ತ ತನ್ನಷ್ಟಕ್ಕೆ ತಾನೇ, "ತಟ್ಟೆ ಒಡೆದಾಗ್ಲೂ!" ಅಂದುಕೊಂಡ.

* * *

ಸಂಜೆ ಬೆಳಕಿರುವಾಗಲೇ ಕೊಂಬಕ್ಕ ತನ್ನ ಕೋಣೆಯ ಕಿಟಕಿಯ ಹತ್ತಿರ ಕೂತು ಪಾಠದ ಪುಸ್ತಕ ತೆರೆದಳು. ಕಾಗುಣಿತಕ್ಕಲ್ಲ, ದೀರ್ಘಕ್ಕಲ್ಲ, ಒತ್ತಿಗಲ್ಲ. ಹಡಗಿನಲ್ಲಿ ಇದ್ದವರು ಯಾರ್ಯಾರು ಎಂದು ನೋಡುವುದಕ್ಕೆ. ಅಡುಗೆಯವನೆಂಬ ಪದ ಎಲ್ಲಿಯೂ ಇರಲಿಲ್ಲ. ಆದರೆ ಓಡಿಹೋದವನನ್ನು ನೀರಿಗೆ ಹಾಕುವ ಮೊದಲು ನಾವಿಕರು ದಡ ಸೇರಲು ಕೈಸೋಲುವವರೆಗೆ ಹುಟ್ಟು ಹಾಕಿದ್ದರು. ಅವನನ್ನು ಹಾಕಲು ಅವರಿಗೆ ಮನಸ್ಸಿರಲಿಲ್ಲ. ಹಾಕಿದ ಮೇಲೆ ಸಮುದ್ರ ಶಾಂತವಾಯಿತು. ಅಂದರೆ ಹಡಗು ಮುಳುಗಲಿಲ್ಲ. ಅಂದರೆ…

ಮೂರು ಸಲ ಈ ಸಾಲನ್ನು ತಿದ್ದಿದ್ದೆ, ಅಂದುಕೊಂಡಳು. 'ಶಾಂತ'ದ ದೀರ್ಘ ಸರಿಯಾಗಿದೆಯಾ ಅಂತ ನೋಡಿದ್ದೆ. ಶಾಂತವಾದ ಮೇಲೆ ಹಡಗಿನಲ್ಲಿದ್ದವರ ಗತಿ ಏನಾಯ್ತು ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲವಲ್ಲ! ಕಡಲೆಕಾಯಿ ಕಾಗದದ ಕಳ್ಳನಿಗಾಗಿ ಎರಡು ದಿನ ಒದ್ದಾಡಿದವಳು ನಾನು.

ಎದ್ದು ಮುಖಂಡನ ಬಳಿ ಹೋದಳು. "ನಾಳೆ ಅಜ್ಜನೇ ಹೇಳ್ಲಿ."

"ಅಕ್ಕಾ, ಇಲ್ಲದ್ದನ್ನ ಸೇರಿಸೋದು ತಪ್ಪಲ್ವಾ? ನೀವೇ ಹೀಗಂದ್ರೆ?"

"ತಪ್ಪೇ. ಆದ್ರೆ ಹಡಗಲ್ಲಿ ಅಡುಗೆಯವನು ಇರ್ಲಿಲ್ಲ ಅಂತಲೂ ಬರೆದಿಲ್ಲ. ಅಷ್ಟು ಜನ ಏನು ಗಾಳಿ ತಿಂದು ಬದುಕ್ತಿದ್ರಾ?" ಮುಖಂಡನ ಮುಖ ಸಡಿಲಾಯಿತು. ಅವಳು ಮುಂದುವರಿಸಿದಳು, "ಬೆಳಿಗ್ಗೆ ಅಜ್ಜ ಏನು ಹೇಳ್ತಾರೆ ಅನ್ನೋದನ್ನ ಮೊದಲು ನನಗೆ ಹೇಳ್ಲಿ. ನಾನು ತಿದ್ದಿ ಕೊಡ್ತೀನಿ. ನನ್ನ ಕೆಲಸ ಅದೇ ಅಲ್ವಾ?"

ಹಾಗೆ ನಾಲ್ಕನೆಯ ದಿನ ಬೆಳಿಗ್ಗೆ, ಮಕ್ಕಳು ಬರುವುದಕ್ಕೆ ಒಂದು ಗಂಟೆ ಮುಂಚೆ, ಹಸಿರು ಚಾಪೆಯ ಮೇಲೆ ಬಾಯಿಮಾತಿನ ಕರಡು ತಿದ್ದುವ ಕೆಲಸ ನಡೆಯಿತು. ಅಜ್ಜ ಒಂದಿಷ್ಟು ಹೇಳುವುದು, ಇವಳು ಕೈ ಎತ್ತಿ ನಿಲ್ಲಿಸುವುದು. ಚಹಾ ಇರಲಿ ಅಂದಳು. ಹಗ್ಗವೂ ಇರಲಿ. ಆದರೆ ಸಮುದ್ರ ಶಾಂತವಾದ ಮೇಲೆ ದೊಡ್ಡಣ್ಣ ಗಾಳ ಹಾಕಿ ಆ ದೊಡ್ಡ ಮೀನನ್ನು ಹಿಡಿದು ಹುರಿದುಬಿಡುತ್ತಾನೆ ಎಂದಾಗ ಎರಡೂ ಕೈ ಎತ್ತಿದಳು.

"ಮೀನು ಹುರಿಯೋ ಹಾಗಿಲ್ಲ."

"ಒಂದು ತುಂಡು?"

"ಅಜ್ಜಾ, ಪ್ರವಾದಿ ಒಳಗಿದಾನೆ!"

"ಹೌದಲ್ಲ" ಅಂದು ಅಜ್ಜ ಮನಸ್ಸಿಲ್ಲದೆ ಮೀನನ್ನು ಬಿಟ್ಟ.

ಮಕ್ಕಳು ಬಂದು ಕೂತವು. ಕೊಂಬಕ್ಕ ಅವತ್ತು ಕಾಗದ ಹಿಡಿಯಲಿಲ್ಲ. ಹಲ್ಲು ಬಿದ್ದ ಹುಡುಗಿಯನ್ನು ನೋಡಿ ನೇರವಾಗಿ ಹೇಳಿದಳು: "ನಿನ್ನೆ ಒಂದು ಪ್ರಶ್ನೆ ಕೇಳಿದ್ರಿ. ಉತ್ತರ ಹುಡುಕಿದೆ. ಸಮುದ್ರ ಶಾಂತ ಆಯ್ತು. ಹಡಗು ಮುಳುಗಲಿಲ್ಲ. ಹಡಗಿನಲ್ಲಿದ್ದ ಎಲ್ಲರೂ ಬದುಕಿದರು."

ಅಜ್ಜ ಬಾಯಿ ತೆರೆದ. ಅವಳು ಹೇಳಿದಷ್ಟೇ ಹೇಳಿದ, ಒಂದು ಪದ ಹೆಚ್ಚಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದವು, ಕೆಲವು ಎದ್ದು ಕುಣಿದವು. ಅಜ್ಜ ಟೋಪಿಯಿಂದ ಮುಖ ಒರೆಸಿಕೊಂಡು, "ಈರುಳ್ಳಿ ಕೈ" ಅಂದ ಇವಳಿಗೆ.

ಮೀನು ಪ್ರವಾದಿಯನ್ನು ದಡಕ್ಕೆ ಕಾರಿತು. ಐದನೆಯ ದಿನ ಅವನು ಪಟ್ಟಣಕ್ಕೆ ಹೋದ, ಪಟ್ಟಣ ಬುದ್ಧಿ ಕಲಿಯಿತು, ದೇವರು ಕ್ಷಮಿಸಿದರು. 'ಕ್ಷಮೆ'ಗೆ ಅಜ್ಜನ ಹತ್ತಿರ ಪದವೇ ಇರಲಿಲ್ಲ, ದೊಡ್ಡಣ್ಣ ಅದನ್ನು ಕಲಿಸಿರಲಿಲ್ಲ. ಬೆಳಿಗ್ಗೆ ಅವಳು ವಿವರಿಸಿದಾಗ ಅವನು ಬಹಳ ಹೊತ್ತು ಗಲ್ಲ ಕೆರೆದುಕೊಂಡು, "ತಟ್ಟೆ ಒಡೆದವನಿಗೆ ಮರುದಿನ ಮತ್ತೆ ತಟ್ಟೆ ತೊಳೆಯಕ್ಕೆ ಕೊಡೋದು" ಅಂದ. ಕೊಂಬಕ್ಕ ಅದನ್ನು ತಿದ್ದಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುಖಂಡ ತನ್ನ ಪಟ್ಟಿಯ ಪುಸ್ತಕ ತೆಗೆದು ಅದನ್ನು ಬರೆದುಕೊಂಡ.

ಎಸೆದ ಪಾತ್ರೆಗಳು ಏನಾದವು ಎಂದು ಒಬ್ಬ ಹುಡುಗ ಕೇಳಿದ. ಗೊತ್ತಿಲ್ಲ ಅಂದಳು. ಗೊತ್ತಿಲ್ಲ ಎಂದು ಅಷ್ಟು ಜನರ ಮುಂದೆ ಹೇಳುವುದು ಇಷ್ಟು ಸಲೀಸಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

* * *

ಊರಿಗೆ ಬಂದ ಮೇಲೆ ಚರ್ಚಿನಲ್ಲಿ ಯಾತ್ರೆಯ ವರದಿ ಒಪ್ಪಿಸಲು ಅವಳಿಗೆ ಐದು ನಿಮಿಷ ಕೊಟ್ಟಿದ್ದರು. ಇಪ್ಪತ್ತು ನಿಮಿಷ ಮಾತಾಡಿದಳು, ಕಾಲು ಅಗಲಿಸಿ ನಿಂತು ಹಡಗು ತೂಗಿಸಿಯೂ ತೋರಿಸಿದಳು. ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕೂತಿದ್ದ ಟೀಚರಮ್ಮ, "ನನ್ನ ಕಾಲು ಮುರಿದಿದ್ದೇ ಒಳ್ಳೇದಾಯ್ತು" ಅಂದರು. ಈಗ ಭಾನುವಾರ ಭಾನುವಾರ ಚಿಕ್ಕ ಮಕ್ಕಳ ತರಗತಿ ಕೊಂಬಕ್ಕನದೇ. ಅವಳ ತರಗತಿಯಲ್ಲಿ ಕಥೆ ನಿಧಾನವಾಗಿ ಸಾಗುತ್ತದೆ ಎಂಬ ದೂರು ಇದೆ, ಪ್ರತಿ ವಾಕ್ಯಕ್ಕೂ ಮಕ್ಕಳು ಅಲ್ಲಿ ಇನ್ನೂ ಯಾರಿದ್ದರು ಎಂದು ಕೇಳುತ್ತವಂತೆ.

ಹಡಗಿನಜ್ಜ ಹದಿನೈದು ದಿನಕ್ಕೊಮ್ಮೆ ಫೋನು ಮಾಡುತ್ತಾನೆ. "ಏನೋ ಅಕ್ಕ, ಊಟ ಆಯ್ತೇನೋ?" ಎಂದು ಶುರುವಾಗುತ್ತದೆ. ಹೆಂಗಸರಿಗೆ ಹೇಗೆ ಮಾತಾಡಬೇಕೆಂದು ಅವಳು ಒಂದು ಸಲ ಹೇಳಿಕೊಟ್ಟಳು. ಅವನು ಅದನ್ನು ಫೋನೆತ್ತಿದ ಅವಳ ಗಂಡನ ಮೇಲೆ ಪ್ರಯೋಗಿಸಿ "ಏನಮ್ಮಾ" ಅಂದ ಮೇಲೆ ಆ ಕೆಲಸ ಕೈಬಿಟ್ಟಳು. ಪ್ರತಿ ಸಲವೂ ದೊಡ್ಡಣ್ಣ ಆಡುತ್ತಿದ್ದ ಒಂದು ಮಾತು ನೆನಪಿಸಿಕೊಂಡು ಅರ್ಥ ಕೇಳುತ್ತಾನೆ.

ಕಳೆದ ಸಲ ಕೇಳಿದ್ದು ಒಂದು ಪುಟ್ಟ ಪದ. ಬಿರುಗಾಳಿ ನಿಂತ ಬೆಳಿಗ್ಗೆ ದೊಡ್ಡಣ್ಣ ಸೊಂಟದ ಹಗ್ಗ ಬಿಚ್ಚಿ ನೆಲದ ಮೇಲೆ ಕುಸಿದು ಕೂತು ಒಂದೇ ಪದ ಅಂದನಂತೆ: "ಸದ್ಯ."

"ಅದಕ್ಕೇನೋ ಅರ್ಥ?"

"ಈಗ, ಈ ಹೊತ್ತಿಗೆ ಅಂತ" ಎಂದು ಶುರು ಮಾಡಿದ ಕೊಂಬಕ್ಕ ಅರ್ಧಕ್ಕೇ ನಿಂತಳು. ಅದೂ ಹೌದು, ಆದರೆ ಅದಲ್ಲ. ಬದುಕಿಕೊಂಡೆವು ಅಂತಲೇ? ದೇವರು ದೊಡ್ಡವನು ಅಂತಲೇ? ಅದೂ ಅಲ್ಲ. ಮುಂದೇನೋ ಗೊತ್ತಿಲ್ಲ, ಇಷ್ಟಂತೂ ಆಯ್ತಲ್ಲ ಅಂತಲೇ?

"ಎರಡು ದಿನ ಟೈಮ್ ಕೊಡಿ ಅಜ್ಜಾ" ಅಂದಳು.

ಈಗ ಒಂದು ವಾರವಾಯಿತು. ಅಚ್ಚಾಪೀಸಿನಲ್ಲಿ ಯಂತ್ರದವನನ್ನು ಕೇಳಿದ್ದಾಳೆ, ಅಯ್ಯನವರನ್ನು ಕೇಳಿದ್ದಾಳೆ, ನಿದ್ದೆಗೆ ಜಾರುತ್ತಿದ್ದ ಗಂಡನನ್ನೂ ಅಲ್ಲಾಡಿಸಿ ಕೇಳಿದ್ದಾಳೆ. ಒಬ್ಬೊಬ್ಬರೂ ಒಂದೊಂದು ಹೇಳಿದ್ದಾರೆ. ಎಲ್ಲವನ್ನೂ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಿದ್ದಾಳೆ, ಇನ್ನೂ ಯಾವುದನ್ನೂ ಹೊಡೆದುಹಾಕಿಲ್ಲ.